ತಾರೀಖು ಬರೆದವಳು

ಡೊಂಬಿವಲಿ ಪೂರ್ವ
12 ಫೆಬ್ರವರಿ 2006, ಭಾನುವಾರ

ದೊಡ್ಡಮ್ಮಾ, ನಾನು ಚುನಾವಣೆಯಲ್ಲಿ ಗೆದ್ದೆ, ಅದೂ ಅವಿರೋಧವಾಗಿ!

ಕೂತುಕೊಂಡು ಓದಿ, ಅಡುಗೆಮನೆಯಲ್ಲಿ ನಿಂತು ಓದಬೇಡಿ. ಮದುವೆಯಾಗಿ ಎರಡು ತಿಂಗಳು ಕಳೆದಿದೆ ಅಷ್ಟೆ, ನಿಮ್ಮ ಮಾನಸಿ ಈಗ ಉಪನಗರ ಕನ್ನಡ ಮಿತ್ರಕೂಟದ ಆಡಳಿತ ಮಂಡಳಿಯ ಸದಸ್ಯೆ! ಡೊಂಬಿವಲಿ, ಕಲ್ಯಾಣ, ಠಾಣೆ, ನವಿ ಮುಂಬಯಿ ಎಲ್ಲ ಸೇರಿ ನಾನೂರಕ್ಕೂ ಹೆಚ್ಚು ಸದಸ್ಯರಿರುವ ಸಂಘ. ಹದಿಮೂರು ಜನರ ಮಂಡಳಿಯಲ್ಲಿ ಒಂದು ಸ್ಥಾನ ಹೆಂಗಸರಿಗೆ ಮೀಸಲು. ಅದು ನನ್ನದು!

ಹೇಗಾಯಿತು ಗೊತ್ತಾ? ಮಾವ ಹತ್ತೊಂಬತ್ತು ವರ್ಷದಿಂದ ಅಲ್ಲಿ ಅಧ್ಯಕ್ಷರಲ್ಲವಾ, ಡಿಸೆಂಬರಿನಲ್ಲೇ ನನ್ನನ್ನು ಆಜೀವ ಸದಸ್ಯೆಯಾಗಿ ಮಾಡಿದ್ದರು, ಮದುವೆಯ ಉಡುಗೊರೆ ಅಂತ. ಕಳೆದ ತಿಂಗಳು ಒಂದು ಬೆಳಿಗ್ಗೆ ಇಡ್ಲಿ ತಿನ್ನುತ್ತಾ, "ಮಹಿಳಾ ಸೀಟಿಗೆ ನೀನು ನಿಲ್ಲು ಮಗಾ, ಓದಿದವಳು" ಅಂದರು. ನಾನು ನಿಂತೆ! ಇವತ್ತು ಸಂಘದ ಸಭಾಂಗಣದಲ್ಲಿ ಕಾರ್ಯದರ್ಶಿ ತಾರಾನಾಥಣ್ಣ ಹದಿಮೂರು ಹೆಸರು ಓದಿದರು. ಪ್ರತಿ ಹೆಸರಿನ ಹಿಂದೆ "ಅವಿರೋಧ, ಅವಿರೋಧ" ಅಂತ. ಪ್ರತಿ ಸಲವೂ ಚಪ್ಪಾಳೆ. ನನ್ನ ಹೆಸರಿಗೆ ಎಲ್ಲಕ್ಕಿಂತ ಜೋರು, ಅಥವಾ ನನಗೆ ಹಾಗೆ ಕೇಳಿಸಿತು. ಹತ್ತೊಂಬತ್ತು ವರ್ಷದಲ್ಲಿ ಒಮ್ಮೆಯೂ ಮತದಾನ ನಡೆದಿಲ್ಲವಂತೆ. ಅಂಥ ಒಗ್ಗಟ್ಟು!

ಜಯೇಶ್ ನನ್ನನ್ನು ಈಗ "ನೇತಾಜಿ" ಅಂತಲೇ ಕರೆಯುವುದು. ರಬಾಳೆಯ ಫ್ಯಾಕ್ಟರಿಯಿಂದ ಫೋನ್ ಮಾಡಿ, "ನೇತಾಜಿ, ಖಾನಾ ಖಾಯಾ ಕ್ಯಾ?" ಅಂತ. ಅವನಿಗೆ ಕನ್ನಡ ಓದಲು ಬರುವುದಿಲ್ಲ, ಸಂಘದ ಕಾಗದವನ್ನು ನಾನೇ ಅವನಿಗೆ ಓದಿ ಹೇಳಬೇಕು. ಪಾಪ, ಆದರೆ ಗಂಡನಾಗಿ ಎಷ್ಟು ಒಳ್ಳೆಯವನು ದೊಡ್ಡಮ್ಮಾ! ಅತ್ತೆಯೂ ಅಷ್ಟೇ.

ಇನ್ನೊಂದು. ನನ್ನ ಅಕ್ಷರ ಚೆಂದ ಎಂದು ಮಾವ ಒಂದು ಸಂಜೆ ಪೂರ್ತಿ ಚುನಾವಣೆಯ ಕಾಗದಗಳನ್ನು ನನ್ನಿಂದಲೇ ತುಂಬಿಸಿದರು. ಇಂಗ್ಲಿಷ್ ಶಾಲೆಯಿಂದ ಬಂದ ಮೇಲೆ ದಿನಾ ನೀವು ಕನ್ನಡ ಕಾಪಿ ಬರೆಸಿದ್ದು ವ್ಯರ್ಥವಾಗಲಿಲ್ಲ!

ಇದನ್ನೆಲ್ಲ ಫೋನಿನಲ್ಲಿ ಕಿರುಚಬೇಕು ಅನ್ನಿಸಿತ್ತು. ನಿಮ್ಮ ಕಿವಿಗೆ ಫೋನು ಹಿಡಿಸುವುದಿಲ್ಲ, ಹಾಗಾಗಿ ಕಾಗದದಲ್ಲಿ ಕಿರುಚಿದ್ದೇನೆ.

ನಿಮ್ಮ, ನಿಮ್ಮ, ನಿಮ್ಮ
ಮಾನಸಿ


ಬ್ರಹ್ಮಾವರ
20 ಫೆಬ್ರವರಿ 2006

ಮಾನಸಿ,

ಕೂತೇ ಓದಿದೆ. ಸಂತೋಷ. ನಿನ್ನ ಅಮ್ಮ ಇದ್ದಿದ್ದರೆ ಓಣಿಯಿಡೀ ಹೇಳಿಕೊಂಡು ಬರುತ್ತಿದ್ದಳು. ನಾನು ಎದುರು ಮನೆಯವರಿಗೆ ಮಾತ್ರ ಹೇಳಿದೆ.

ನಾನು ಶಾಲೆಯಲ್ಲಿ ಕಲಿಸಿದ ಮೂವತ್ತೊಂದು ವರ್ಷದಲ್ಲಿ ಹದಿನಾಲ್ಕು ಸಲ ಸರಕಾರಿ ಚುನಾವಣೆಯ ಡ್ಯೂಟಿ ಮಾಡಿದವಳು. ಅದರ ಅಭ್ಯಾಸದಿಂದ ಮೂರು ಪ್ರಶ್ನೆ ಕೇಳುತ್ತಿದ್ದೇನೆ, ಬೇಸರಪಡಬೇಡ.

ಒಂದು, ನಿನ್ನ ಸ್ಥಾನಕ್ಕೆ ನಾಮಪತ್ರ ಹಾಕಿದವರು ಎಷ್ಟು ಮಂದಿ? ಎರಡು, ಹಿಂದೆಗೆದುಕೊಂಡವರು ಯಾರು, ಯಾಕೆ? ಮೂರು, ನೀನು ತುಂಬಿಸಿದ ಕಾಗದ ಯಾವುದು? ಅಭ್ಯರ್ಥಿಯಾಗಿ ನಿಂತವಳ ಕೈಯಲ್ಲಿ ಚುನಾವಣೆಯ ಕಾಗದ ಬರೆಸುವ ಕ್ರಮವನ್ನು ನಾನು ಎಲ್ಲೂ ನೋಡಿಲ್ಲ.

ಹಪ್ಪಳ ಒಣಗಿದೆ, ಯಾರಾದರೂ ಬರುವವರಿದ್ದರೆ ಕಳಿಸುತ್ತೇನೆ. ಜಯೇಶನಿಗೆ ಕನ್ನಡ ಓದಲು ಕಲಿಸು. ದಿನಕ್ಕೆ ನಾಲ್ಕು ಅಕ್ಷರ ಸಾಕು.

ಸತ್ಯಭಾಮಾ


ಡೊಂಬಿವಲಿ
1 ಮಾರ್ಚ್ 2006

ದೊಡ್ಡಮ್ಮಾ,

ನಿಮ್ಮ ಕಾಗದ ಓದಿ ಜಯೇಶ್ ನಕ್ಕುಬಿಟ್ಟ. "ಕಂಗ್ರಾಚುಲೇಶನ್ಸ್ ಒಂದು ಲೈನ್, ಕ್ವೆಶ್ಚನ್ ಪೇಪರ್ ಒಂದು ಪೇಜ್!" ಅಂತ. (ಓದಿದ್ದು ನಾನು, ನಕ್ಕಿದ್ದು ಅವನು.) ನನಗೆ ಮಾತ್ರ ಸ್ವಲ್ಪವೂ ನಗು ಬರಲಿಲ್ಲ. ನೀವು ಖುಷಿಪಡುತ್ತೀರಿ ಅಂದುಕೊಂಡಿದ್ದೆ.

ಇರಲಿ, ಉತ್ತರ ಬರೆಯುತ್ತೇನೆ. ನನ್ನ ಸ್ಥಾನಕ್ಕೆ ಇಬ್ಬರು ನಿಂತಿದ್ದೆವು. ಇನ್ನೊಬ್ಬರು ತುರ್ಭೆಯ ಚಂದ್ರಬಾಯಿ ಅಂತ, ಕಲಬುರಗಿ ಕಡೆಯವರು. ಅಲ್ಲಿ ಮಾರ್ಕೆಟ್ಟಿನಲ್ಲಿ ಮೂಟೆ ಹೊರುವವರ ಮಕ್ಕಳಿಗೆ ಸಂಜೆ ಕನ್ನಡ ಹೇಳಿಕೊಡುತ್ತಾರಂತೆ. ಅವರಾಗಿಯೇ ಹಿಂದೆಗೆದುಕೊಂಡರು. ಯಾಕೆಂದು ನಾನು ಕೇಳಲಿಲ್ಲ. ಯಾರನ್ನಾದರೂ ಹಾಗೆ ಕೇಳುವುದು ಚೆನ್ನಾಗಿರುತ್ತದಾ?

ಮಂಡಳಿಯ ಮೊದಲ ಮೀಟಿಂಗಿನಲ್ಲಿ ನಾನು ಮಕ್ಕಳ ಭಾಷಣ ಸ್ಪರ್ಧೆಯ ಬಗ್ಗೆ ಮಾತಾಡಿದೆ, ಎಲ್ಲರೂ ತಲೆಯಾಡಿಸಿದರು! ತಾರಾನಾಥಣ್ಣ "ಹೊಸ ರಕ್ತ, ಹೊಸ ರಕ್ತ" ಅಂದರು. ಅತ್ತೆ ನನಗೆ ಮರುವಾಯಿ ಚಿಪ್ಪಿನ ಸುಕ್ಕ ಮಾಡಲು ಹೇಳಿಕೊಟ್ಟರು. ಮೊದಲ ಸಲ ಮಾಡಿದ್ದನ್ನು ಮಾವ ಒಂದು ಮಾತೂ ಆಡದೆ ತಿಂದು, ಮತ್ತೊಮ್ಮೆ ಬಡಿಸಿಕೊಂಡರು. ಅದು ಮೆಚ್ಚುಗೆಯಂತೆ! ಭಾನುವಾರ ಜಯೇಶ್ ನನ್ನನ್ನು ಠಾಣೆಯ ಕೆರೆಯಲ್ಲಿ ದೋಣಿ ಹತ್ತಿಸಿದ. ನಾನು ತುಂಬಾ ಖುಷಿಯಾಗಿದ್ದೇನೆ, ನೀವು ನಂಬಬೇಕು.

ಮಾನಸಿ


ಬ್ರಹ್ಮಾವರ
9 ಮಾರ್ಚ್ 2006

ಮಾನಸಿ,

ನೀನು ಖುಷಿಯಾಗಿದ್ದೀಯ ಎಂದು ನಂಬಿದೆ. ಮೂರನೆಯ ಪ್ರಶ್ನೆಗೆ ಉತ್ತರ ಬರೆದಿಲ್ಲ.

ಸತ್ಯಭಾಮಾ


ಡೊಂಬಿವಲಿ
19 ಮಾರ್ಚ್ 2006, ಭಾನುವಾರ

ದೊಡ್ಡಮ್ಮಾ,

ಬರೆಯುತ್ತೇನೆ. ಮೂರನೆಯ ಪ್ರಶ್ನೆಯನ್ನು ಮರೆತದ್ದಲ್ಲ, ಬಿಟ್ಟದ್ದು.

ಇಲ್ಲಿ ಒಂದು ಕ್ರಮವಿದೆ, ಅದಕ್ಕೆ ಜೋಡಿ ಅರ್ಜಿ ಅನ್ನುತ್ತಾರೆ. ನಾಮಪತ್ರ ಕೊಡುವವರೆಲ್ಲ ಅದರ ಜೊತೆಗೇ "ನಾನು ನನ್ನ ಉಮೇದುವಾರಿಕೆಯನ್ನು ಹಿಂದೆಗೆದುಕೊಂಡಿದ್ದೇನೆ" ಎಂಬ ಇನ್ನೊಂದು ಕಾಗದಕ್ಕೂ ಸಹಿ ಹಾಕಿ ಅಧ್ಯಕ್ಷರಿಗೆ ಕೊಡಬೇಕು. ತಾರೀಖು ಖಾಲಿ ಬಿಡಬೇಕು. ನಾನೂ ಕೊಟ್ಟಿದ್ದೆ. ಆಮೇಲೆ ಮಾವ, ತಾರಾನಾಥಣ್ಣ ಮತ್ತು ಇನ್ನಿಬ್ಬರು ಹಿರಿಯರು ಕೂತು ಹದಿಮೂರು ಜನರನ್ನು ಆರಿಸುತ್ತಾರೆ. ಉಳಿದವರ ಎರಡನೆಯ ಕಾಗದಕ್ಕೆ ತಾರೀಖು ಬೀಳುತ್ತದೆ. ಆರಿಸಿದವರದನ್ನು ಹರಿದು ಹಾಕುತ್ತಾರೆ. ಅದೇ ಅವಿರೋಧ.

ಈ ಸಲ ಇಪ್ಪತ್ತಮೂರು ನಾಮಪತ್ರ ಬಂದಿತ್ತು. ಹತ್ತು ಕಾಗದಗಳಿಗೆ ತಾರೀಖು ಹಾಕಿದವಳು ನಾನು. ಮಾವ "ಇದರಲ್ಲಿ ತಾರೀಖಿಲ್ಲ ನೋಡು ಮಗಾ, ಎಲ್ಲದಕ್ಕೂ ಫೆಬ್ರವರಿ ನಾಲ್ಕು ಅಂತ ಹಾಕು" ಅಂದರು, ನಾನು ಹಾಕಿದೆ. ಒಂಬತ್ತನೆಯ ಕಾಗದದಲ್ಲಿ ಚಂದ್ರಬಾಯಿ ಅಂತ ಹೆಸರಿತ್ತು. ಓದಿದೆ. ನನ್ನ ಸ್ಥಾನದ್ದೇ ಎಂದು ಗೊತ್ತಾಯಿತು. ಅವರೇ ಬೇಡವೆಂದಿರಬೇಕು ಅಂದುಕೊಂಡೆ. ಅಂದುಕೊಂಡೆನೋ, ಹಾಗೆ ಅಂದುಕೊಳ್ಳುವುದು ಸುಲಭವಿತ್ತೋ, ಈಗ ಸರಿಯಾಗಿ ಹೇಳಲಾರೆ.

ಇವತ್ತು ಬೆಳಿಗ್ಗೆ ಅವರು ಮನೆಗೇ ಬಂದರು. ತುರ್ಭೆಯಿಂದ ಠಾಣೆ, ಠಾಣೆಯಿಂದ ಡೊಂಬಿವಲಿ, ಎರಡು ಲೋಕಲ್ ಬದಲಿಸಿ. ನಲವತ್ತೈದರ ಸುಮಾರಿನ ಹೆಂಗಸು, ಕೈಯಲ್ಲಿ ಆ ಕಾಗದದ ಜೆರಾಕ್ಸ್ ಪ್ರತಿ. ನಾನು ಚಹದ ತಟ್ಟೆ ಹಿಡಿದು ಅಡುಗೆಮನೆಯ ಬಾಗಿಲಲ್ಲಿದ್ದೆ.

"ಅಣ್ಣಾರ, ನನ್ನ ಹೆಸರು ಯಾರು ತಗದಾರ್ರಿ?"

"ಸಹಿ ನಿಮ್ಮದೇ ಅಲ್ಲವಾ ಚಂದ್ರಬಾಯಿಯವರೇ?" ಮಾವ ಸಮಾಧಾನದಲ್ಲೇ ಕೇಳಿದರು.

"ಸಹಿ ನಂದೇರಿ, ಇಲ್ಲ ಅನ್ನಂಗಿಲ್ಲ. ಇಲ್ಲಿ ರಿವಾಜ್ ಅದ, ಎಲ್ಲಾರೂ ಕೊಡ್ತಾರ ಅಂದ್ರು ಆ ಸೆಕ್ರೆಟರಿ. ಬ್ಯಾಡಾದ್ರ ಹರದು ಒಗೀತೀವಿ ಅಂದ್ರು. ನಾ ಬ್ಯಾಡ ಅಂತ ಯಾವಾಗ ಅಂದೆ? ಈ ತಾರೀಖು ನಾ ಹಾಕಿದ್ದಲ್ಲ. ನೋಡ್ರಿ, ಎಷ್ಟು ಚಂದ ಅಕ್ಷರ ಅದ. ನಂದು ಕೋಳಿ ಕಾಲು ಕೆದರಿದಂಗ ಇರ್ತದ."

"ಸಂಘದ ಒಗ್ಗಟ್ಟಿಗೆ ಎಲ್ಲರೂ ಒಪ್ಪಿದ ಕ್ರಮ ಇದು."

"ತುರ್ಭೆದಾಗ ನಮ್ಮವು ಅರವತ್ತು ಮನಿ ಮೆಂಬರ್ ಆಗ್ಯಾವು. ಇಷ್ಟು ವರ್ಷದಾಗ ಒಬ್ಬರನ್ನರ ಒಳಗ ತಗೊಂಡೀರೇನ್ರಿ? ಸೋತ್ರ ಸೋಲ್ತೀನಿ, ಅದಕ್ಕೇನು. ನಿಲ್ಲಾಕರ ಬಿಡ್ರಿ."

ಮಾವ ಏಪ್ರಿಲ್ ಒಂಬತ್ತಕ್ಕೆ ಮಹಾಸಭೆ ಇದೆ, ಅಲ್ಲಿ ಹೇಳಿ ಎಂದರು. ಚಂದ್ರಬಾಯಿ ನನ್ನ ಕೈಯಿಂದ ಚಹ ತೆಗೆದುಕೊಂಡು, "ನೀವೇನು ತಂಗೀ ಹೊಸಾ ಮೆಂಬರು? ಚಲೋ ಆತು, ಸಾಲಿ ಕಲ್ತವರು ಬೇಕು" ಅಂದರು. ದೊಡ್ಡಮ್ಮಾ, ಅವರು ಸಿಟ್ಟಿನಿಂದ ಅಂದಿದ್ದರೆ ನನಗೆ ಇಷ್ಟು ಕಷ್ಟವಾಗುತ್ತಿರಲಿಲ್ಲ.

ಅವರು ಹೋದ ಮೇಲೆ ಮಾವನನ್ನು ಕೇಳಿದೆ. 1987ರಲ್ಲಿ ಮತದಾನ ನಡೆದಿತ್ತಂತೆ. ಸಭಾಂಗಣದಲ್ಲಿ ಕುರ್ಚಿ ಹಾರಿದವಂತೆ, ಪೊಲೀಸರು ಬಂದರಂತೆ. ಮಾವನ ಜೊತೆ ಊರಿನಿಂದ ಬಂದು ಒಂದೇ ಹೋಟೆಲಿನಲ್ಲಿ ಲೋಟ ತೊಳೆದ ಗೆಳೆಯ ಆ ದಿನದಿಂದ ಸಾಯುವವರೆಗೂ ಅವರೊಡನೆ ಮಾತಾಡಲಿಲ್ಲವಂತೆ. "ಆಮೇಲೆ ನಾನು ಜೋಡಿ ಅರ್ಜಿ ಮಾಡಿದೆ. ಒಂದು ಕುರ್ಚಿಯೂ ಮುರಿಯಲಿಲ್ಲ" ಅಂದರು. ಅದು ಸುಳ್ಳಲ್ಲ.

ತಾರೀಖು ನನ್ನ ಕೈಬರಹ ಎಂದು ಮಾವನಿಗೆ ಗೊತ್ತು, ನನಗೆ ಗೊತ್ತು, ಈಗ ನಿಮಗೆ ಗೊತ್ತು. ನಾನು ಎದ್ದು ಹೇಳಿದರೆ ಮಾತ್ರ ಚಂದ್ರಬಾಯಿಯವರ ಮಾತಿಗೆ ಬೆಲೆ ಬರುತ್ತದೆ. ಇಲ್ಲವಾದರೆ ಸಹಿ ಅವರದ್ದೇ, ಕಥೆ ಮುಗಿಯಿತು. ಏನು ಮಾಡಲಿ? ಬೇಗ ಬರೆಯಿರಿ.

ಮಾನಸಿ


ಬ್ರಹ್ಮಾವರ
25 ಮಾರ್ಚ್ 2006

ಪ್ರೀತಿಯ ಮಾನಸಿ,

ಸುಮ್ಮನಿರು.

ನಾನು ಪ್ರಶ್ನೆ ಕೇಳಿದ್ದೇ ತಪ್ಪಾಯಿತು. ಅದು ಒಂದು ಸಂಘ, ಸರಕಾರವಲ್ಲ. ಮೂರು ವರ್ಷದ ಒಂದು ಸೀಟು. ಈ ಸಲ ಹೋದರೆ ಚಂದ್ರಬಾಯಿಗೆ ಮುಂದಿನ ಸಲವಿದೆ. ನಿನಗೆ ಇರುವುದು ಒಂದೇ ಮನೆ.

ನಿನ್ನ ಮಾವ ಮೋಹನದಾಸರ ಮನೆಯನ್ನು ನಾನೇ ವಿಚಾರಿಸಿ, ನಾನೇ ಕೇಳಿ, ನಿನ್ನನ್ನು ಕೊಟ್ಟೆ. ಹೆಣ್ಣು ನೋಡಲು ಬಂದಾಗ ಅವರು ಹೇಳಿದ್ದು ನೆನಪಿದೆ: "ಟೀಚರೇ, ನಮಗೆ ಬೇರೇನೂ ಬೇಡ, ಮನೆಯ ಮಾತು ಹೊರಗೆ ಹೋಗಬಾರದು, ಅಷ್ಟೇ." ಮೂರು ತಿಂಗಳ ಸೊಸೆ ತುಂಬಿದ ಸಭೆಯಲ್ಲಿ ಮಾವನ ಎದುರು ಎದ್ದು ನಿಂತರೆ, ಅವರು ನಿನ್ನ ಪೆಟ್ಟಿಗೆ ಕಟ್ಟಿ ಇಲ್ಲಿಗೆ ಕಳಿಸಿದರೆ, ನಾನು ಯಾರನ್ನು ಕೇಳಲಿ? ನನಗೆ ಅರವತ್ತಾರು.

ಮಹಾಸಭೆಯ ದಿನ ತಲೆನೋವೆಂದು ಮನೆಯಲ್ಲಿರು. ಈ ಕಾಗದ ಹರಿದುಬಿಡು.

ಸತ್ಯಭಾಮಾ


(ಅಂಚೆ ಕಾರ್ಡು)

ಡೊಂಬಿವಲಿ, 1 ಏಪ್ರಿಲ್ 2006

ದೊಡ್ಡಮ್ಮನವರಿಗೆ,
ಕಾಗದ ತಲುಪಿತು. ಎಲ್ಲರೂ ಚೆನ್ನಾಗಿದ್ದೇವೆ. ಇಲ್ಲಿ ಬಿಸಿಲು ಜಾಸ್ತಿ.
ಮಾನಸಿ


ಬ್ರಹ್ಮಾವರ
6 ಏಪ್ರಿಲ್ 2006

ಮಾನಸಿ,

ಕಾರ್ಡಿನಲ್ಲಿ ಒಂದೂ ಆಶ್ಚರ್ಯಸೂಚಕ ಚಿಹ್ನೆ ಇಲ್ಲ. ನೀನು ಐದನೆಯ ಕ್ಲಾಸಿನಲ್ಲಿದ್ದಾಗ ಅವುಗಳನ್ನು ಕಡಿಮೆ ಮಾಡು ಎಂದು ಬೈದವಳು ನಾನೇ. ಈಗ ಕಾರ್ಡನ್ನು ತಿರುಗಿಸಿ ಮುರುಗಿಸಿ ಹುಡುಕಿದೆ.

ಇದು ಭಾನುವಾರದೊಳಗೆ ನಿನಗೆ ತಲುಪುವುದಿಲ್ಲ. ನಿನ್ನೆ ಎದುರು ಮನೆಯಿಂದ ಫೋನ್ ಮಾಡಿದೆ. ಯಾರೋ ಎತ್ತಿದರು, ಹೆಂಗಸಿನ ಧ್ವನಿ. ನೀನೋ ನಿನ್ನ ಅತ್ತೆಯೋ ತಿಳಿಯಲಿಲ್ಲ. ಗೊತ್ತಿಲ್ಲದವರ ಕಿವಿಗೆ ಹೇಳುವ ಮಾತಲ್ಲ, ಇಟ್ಟುಬಿಟ್ಟೆ. ಆದ್ದರಿಂದ ಬರೆಯುತ್ತಿದ್ದೇನೆ.

ನನ್ನ ಮೂರನೆಯ ಚುನಾವಣೆ ಡ್ಯೂಟಿಯಲ್ಲಿ ಘಟ್ಟದ ಕೆಳಗಿನ ಒಂದು ಶಾಲೆಯಲ್ಲಿ ಮತಗಟ್ಟೆ. ನಾನೇ ಅಧಿಕಾರಿ. ಊರಿನ ದೊಡ್ಡ ಮನೆಯ ಮಗ ಒಬ್ಬ ಮುದುಕಿಯ ರಟ್ಟೆ ಹಿಡಿದು ಕರೆತಂದ. "ಇವಳಿಗೆ ಕಣ್ಣು ಕಾಣುವುದಿಲ್ಲ, ಮುದ್ರೆ ನಾನು ಒತ್ತುತ್ತೇನೆ" ಅಂದ. ಮುದುಕಿ ನನ್ನ ಮುಖವನ್ನೇ ನೋಡಿ, "ಟೀಚರೇ, ಕಾಣ್ತದೆ. ನಾನೇ ಹಾಕ್ತೆ" ಅಂದಳು. ನಾನು ಕೇಳಿಸದವಳ ಹಾಗೆ ಮತದಾರರ ಪಟ್ಟಿ ನೋಡಿದೆ. ಆಗ ನನ್ನ ಎರಡು ಕಿವಿಯೂ ಚೆನ್ನಾಗಿದ್ದವು. ಆ ಶಾಲೆಯ ಮೇಷ್ಟ್ರಿಗೆ ದೊಡ್ಡ ಮನೆಯಿಂದಲೇ ಊಟ ಬರುತ್ತಿತ್ತು, ನಮಗೂ ಅಂದು ಅಲ್ಲಿಂದಲೇ ಬಂದಿತ್ತು. ಅವನೇ ಒತ್ತಿದ. ಸಂಜೆ ಡೈರಿಯಲ್ಲಿ "ಮತದಾನ ಶಾಂತಿಯುತ" ಎಂದು ಬರೆದು ಸಹಿ ಹಾಕಿದೆ.

ಇದನ್ನು ಯಾರಿಗೂ ಹೇಳಿರಲಿಲ್ಲ. ಆ ಮೂರನೆಯ ಪ್ರಶ್ನೆಯನ್ನು ನಾನು ಬೆನ್ನು ಹತ್ತಿದ್ದು ನಿನ್ನ ಮೇಲಿನ ಅನುಮಾನಕ್ಕಲ್ಲ. ನೀನು ಉತ್ತರಿಸಿದ ಕೂಡಲೇ ಹೆದರಿದವಳು ನಾನು.

ಮಾರ್ಚ್ 25ರ ಕಾಗದದಲ್ಲಿ ಬರೆದದ್ದು ನನ್ನ ಹೆದರಿಕೆ, ನಿನಗೆ ಬುದ್ಧಿಮಾತಲ್ಲ. ನೀನು ಏನು ಮಾಡಿದ್ದರೂ ಸರಿ. ಇಲ್ಲಿ ಒಂದು ಕೋಣೆ ಇದೆ.

ದೊಡ್ಡಮ್ಮ


ಬ್ರಹ್ಮಾವರ
29 ಏಪ್ರಿಲ್ 2006

ಮಾನಸಿ,

ಮೂರು ವಾರವಾಯಿತು. ಎರಡು ಸಾಲು ಸಾಕು. ಬಿಸಿಲಿನ ವಿಷಯವಾದರೂ ಬರೆ.

ದೊಡ್ಡಮ್ಮ


ಡೊಂಬಿವಲಿ
17 ಮೇ 2006, ಬುಧವಾರ

ದೊಡ್ಡಮ್ಮಾ,

ಬೈಯಿರಿ, ಆದರೆ ಪೂರ್ತಿ ಓದಿ ಬೈಯಿರಿ. ಎಲ್ಲ ಮುಗಿಯುವವರೆಗೆ ಬರೆಯಬಾರದೆಂದು ಕೂತಿದ್ದೆ. ಅರ್ಧ ಬರೆದರೆ ನೀವು ಇನ್ನರ್ಧವನ್ನು ಕೆಟ್ಟದಾಗಿ ಊಹಿಸುತ್ತೀರಿ ಎಂದು. ಬರೆಯದಿದ್ದರೆ ಪೂರ್ತಿಯನ್ನೇ ಹಾಗೆ ಊಹಿಸುತ್ತೀರಿ ಎಂದು ಹೊಳೆಯಲೇ ಇಲ್ಲ!

ನಿಮ್ಮ ಆರನೆಯ ತಾರೀಖಿನ ಕಾಗದ ಬಂದದ್ದು ಏಪ್ರಿಲ್ ಹನ್ನೊಂದಕ್ಕೆ. ಮಹಾಸಭೆ ಒಂಬತ್ತಕ್ಕೆ. ನೀವು ಬೇಡವೆಂದಿದ್ದೀರಿ ಅಂದುಕೊಂಡೇ ನಾನು ಎದ್ದು ನಿಂತೆ. ಮೊದಲ ಸಲ ನಿಮ್ಮ ಮಾತು ಮೀರಿದೆ, ಎರಡು ದಿನ ಅದೇ ಭಾರ. ಹನ್ನೊಂದಕ್ಕೆ ಆ ಕಾಗದ ಓದಿ ಬಾತ್‌ರೂಮಿನಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತುಬಿಟ್ಟೆ. ನಲ್ಲಿಯ ನೀರು ಮಧ್ಯದಲ್ಲೇ ನಿಂತುಹೋಗಿ ಅತ್ತೆಗೆ ಎಲ್ಲ ಕೇಳಿಸಿತು.

ಸಭೆಗೆ ಮೊದಲು ಜಯೇಶನಿಗೆ ಹೇಳಿದ್ದೆ. "ಪಪ್ಪಾಗೆ ಮೊದಲೇ ಬೋಲ್ ದೇ, ಸರ್‌ಪ್ರೈಸ್ ಮತ್ ದೇ" ಅಂದ. ಮೊದಲೇ ಹೇಳಿಬಿಡುವುದು ಸರಿಯೆನಿಸಿತು. ಶನಿವಾರ ಮಾವನ ಹೋಟೆಲಿಗೇ ಹೋಗಿ, ಗಲ್ಲಾದ ಹತ್ತಿರ ನಿಂತು ಅವರಿಗೆ ಹೇಳಿದೆ. "ನಾಳೆ ಯಾರಾದರೂ ಕೇಳಿದರೆ ತಾರೀಖು ಬರೆದದ್ದು ನಾನೇ ಎಂದು ಹೇಳುತ್ತೇನೆ." ಅವರು ಗಿರಾಕಿಗೆ ಚಿಲ್ಲರೆ ಕೊಟ್ಟರು. ನಂತರ, "ಯಾರೂ ಕೇಳುವುದಿಲ್ಲ" ಅಂದರು.

ನಿಜ, ಯಾರೂ ಕೇಳಲಿಲ್ಲ. ಚಂದ್ರಬಾಯಿ ತಮ್ಮ ಮಾತು ಹೇಳಿದರು. ತಾರಾನಾಥಣ್ಣ "ಸಹಿ ಇದೆ, ತಾರೀಖಿದೆ, ಮುಂದಿನ ವಿಷಯ" ಅಂದರು. ಇನ್ನೂರು ಜನ ಕೂತಿದ್ದರು, ಹಿಂದೆ ಯಾರೋ ಕಾಫಿ ಬಂತಾ ಎಂದು ನೋಡುತ್ತಿದ್ದರು. ಯಾರಾದರೂ ಕೇಳಿದರೆ ಎಂದು ನಾನು ಅಂದಿದ್ದೆನಲ್ಲ, ಯಾರೂ ಕೇಳದಿದ್ದುದರಿಂದ ನನಗೆ ಸುಮ್ಮನಿರಲು ದಾರಿಯೂ ಇತ್ತು. ಅದು ಗೊತ್ತಾದ ಕೂಡಲೇ ಎದ್ದುಬಿಟ್ಟೆ. ಹೊಸ ಸೀರೆಯ ಸೆರಗು ಕುರ್ಚಿಗೆ ಸಿಕ್ಕಿಕೊಂಡಿತು, ಕುರ್ಚಿಯನ್ನೂ ಎಳೆದುಕೊಂಡೇ ನಿಂತೆ.

"ಆ ತಾರೀಖು ನಾನು ಬರೆದದ್ದು. ಹತ್ತು ಕಾಗದಕ್ಕೂ ನಾನೇ ಬರೆದೆ. ಅದರಲ್ಲಿ ಒಂದು ನನ್ನ ಎದುರಾಳಿಯದ್ದು. ಅವರು ಹಿಂದೆಗೆದುಕೊಳ್ಳುತ್ತೇನೆ ಎಂದು ನನಗೆ ಯಾವತ್ತೂ ಹೇಳಿಲ್ಲ." ಇಷ್ಟೇ. ಇಂಗ್ಲಿಷಿನಲ್ಲಿ ಇನ್ನೂ ಚೆನ್ನಾಗಿ ಹೇಳುತ್ತಿದ್ದೆನೇನೋ. ಇಷ್ಟು ಹೇಳಲು ಕನ್ನಡ ಸಾಕಾಯಿತು.

ಗದ್ದಲವೋ ಗದ್ದಲ! "ಸೊಸೆಯೇ ಹೀಗಾದರೆ!" ಅಂತ ಒಬ್ಬರು. ಕಲ್ಯಾಣದವರೊಬ್ಬರು "ನಂದೂ ಹಾಗೇ ಹೋಯ್ತು ಮಾರಾಯ್ರೇ, ಒಂಬತ್ತು ವರ್ಷ ಆಯ್ತು" ಅಂತ. ತಾರಾನಾಥಣ್ಣ ಜಾಣ, ಕೂಡಲೇ ಒಂದು ದಾರಿ ಹುಡುಕಿದರು: "ಆಯ್ತು, ಮಾನಸಿಯೇ ಹಿಂದೆಗೆದುಕೊಳ್ಳಲಿ. ಚಂದ್ರಬಾಯಿ ಅವಿರೋಧ! ಯಾರ ಮರ್ಯಾದೆಯೂ ಹೋಗುವುದಿಲ್ಲ." ಎಲ್ಲರೂ ತಲೆಯಾಡಿಸಿದರು. ನಿಜ ಹೇಳುತ್ತೇನೆ, ನಾನೂ ಆಡಿಸಿದೆ. ಅಷ್ಟಕ್ಕೆ ಮುಗಿದರೆ ಸಾಕಾಗಿತ್ತು.

ಚಂದ್ರಬಾಯಿ ಕೂತಲ್ಲಿಂದಲೇ ಹೇಳಿದರು, "ಬ್ಯಾಡ್ರಿ. ಹಂಗ ಕೊಟ್ರ ನಾಳೆ ಹಂಗ ಕಸಗೋತೀರಿ. ಆ ತಂಗಿ ನಿಲ್ಲಲಿ, ನಾನೂ ನಿಲ್ತೀನಿ. ಮಂದಿ ಚೀಟಿ ಹಾಕಲಿ."

ಮಾವ ಇನ್ನೂ ಅಧ್ಯಕ್ಷರ ಕುರ್ಚಿಯಲ್ಲೇ ಇದ್ದರು. ಸಭೆಯ ಕುರ್ಚಿಗಳನ್ನು ಸಾಲು ಸಾಲಾಗಿ ನೋಡುತ್ತಿದ್ದರು. ಎಂಬತ್ತೇಳರದ್ದು ನೆನಪಾಯಿತೋ ಏನೋ. ಕೊನೆಗೆ, "ತಾರಾನಾಥ, ಬರೆದುಕೊ. ಮಹಿಳಾ ಸ್ಥಾನಕ್ಕೆ ಮೇ ಹದಿನಾಲ್ಕಕ್ಕೆ ಮತದಾನ. ಚುನಾವಣಾಧಿಕಾರಿ ಹೊರಗಿನವರು" ಅಂದರು. ಮುಂದೆ ಜೋಡಿ ಅರ್ಜಿ ಕೂಡದು ಎಂಬ ಠರಾವಿಗೂ ಕೈ ಎತ್ತಿಸಿದರು. ಹನ್ನೆರಡು ಜನ ವಿರೋಧ. ಆ ಹನ್ನೆರಡರಲ್ಲಿ ಮಾವನೂ ಒಬ್ಬರು. ತಾವೇ ವಿರೋಧಿಸಿ, ಠರಾವು ಪಾಸಾಯಿತೆಂದು ತಾವೇ ಸಾರಿದರು.

ಅಂದಿನಿಂದ ಅವರು ನನ್ನೊಡನೆ ಮಾತು ಬಿಟ್ಟರು. ಬೈಗುಳವಿಲ್ಲ, ಏನಿಲ್ಲ. "ಅವಳಿಗೆ ಸಾರು ಬಡಿಸಲು ಹೇಳು" ಅಂತ ಅತ್ತೆಯ ಮೂಲಕ, ನಾನು ಸಾರಿನ ಸೌಟು ಹಿಡಿದು ಪಕ್ಕದಲ್ಲೇ ನಿಂತಿರುವಾಗ! ನೀವು ಹೆದರಿದ್ದು ಸುಳ್ಳಲ್ಲ ದೊಡ್ಡಮ್ಮಾ. ಎರಡು ಸಲ ನಾನೂ ಪೆಟ್ಟಿಗೆಯ ಕಡೆ ನೋಡಿದೆ.

ಇನ್ನು ಪ್ರಚಾರ! ನನ್ನ ವಿರುದ್ಧ ನಾನೇ ಹೇಗೆ ಮಾತಾಡಲಿ, ಪರವಾಗಿ ಹೇಗೆ ಮಾತಾಡಲಿ? ಕೊನೆಗೆ ಚಂದ್ರಬಾಯಿ, "ಖರೇ ಖರೇ ನಿಲ್ರಿ ತಂಗೀ, ನಾಟಕ ಮಾಡಬ್ಯಾಡ್ರಿ. ನಿಮಗ ಮಕ್ಕಳ ಭಾಷಣ ಬೇಕಂದ್ರ ಅದನ್ನ ಕೇಳ್ರಿ" ಅಂದರು. ಆದ್ದರಿಂದ ಕೇಳಿದೆ. ಠಾಣೆಯ ಟವರುಗಳಲ್ಲಿ ಲಿಫ್ಟ್ ಹತ್ತಿ, ಕಲ್ಯಾಣದಲ್ಲಿ ಮೆಟ್ಟಿಲು ಹತ್ತಿ. ತುರ್ಭೆಗೂ ಹೋದೆ. ಮಾರ್ಕೆಟ್ಟಿನ ಹಿಂದಿನ ಆ ಕೋಣೆಯಲ್ಲಿ ಮಕ್ಕಳು ನನಗೆ ಕಾಗುಣಿತ ಹೇಳಿ ತೋರಿಸಿದರು, ನನಗಿಂತ ವೇಗವಾಗಿ. ಒಬ್ಬ ಅಪ್ಪ, "ಓಟು ನಿಮಗ ಹಾಕಂಗಿಲ್ಲ ನೋಡ್ರಿ, ಚಾ ಕುಡದು ಹೋಗ್ರಿ" ಅಂದ. ಕುಡಿದೆ.

ಮತಪತ್ರದ ಮೇಲೆ ಒಂದು ಜಗಳ. ಹೆಸರು ಕನ್ನಡದಲ್ಲಿ ಮಾತ್ರ ಇರಬೇಕು, ಇದು ಕನ್ನಡ ಸಂಘ ಎಂದು ತಾರಾನಾಥಣ್ಣ. ಇಲ್ಲಿ ಹುಟ್ಟಿದವರಲ್ಲಿ ಅರ್ಧ ಜನಕ್ಕೆ ಜಯೇಶನ ಹಾಗೆ ಓದಲು ಬರುವುದಿಲ್ಲ. ಕನ್ನಡ ಕಲಿಸುವ ಚಂದ್ರಬಾಯಿಯೇ "ದೇವನಾಗರಿದಾಗೂ ಬರೀರಿ. ಓದಾಕ ಬರದವರ ಓಟೂ ಓಟೇ" ಅಂದರು. ಹಾಗೇ ಅಚ್ಚಾಯಿತು. ಕನ್ನಡ ಮೇಲೆ, ನಾಗರಿ ಕೆಳಗೆ.

ಹದಿನಾಲ್ಕರ ಭಾನುವಾರ. ಕಲ್ಯಾಣದ ನಿವೃತ್ತ ಪೋಸ್ಟ್ ಮಾಸ್ತರರೊಬ್ಬರು ಅಧಿಕಾರಿ. ಮೂಲೆಯಲ್ಲಿ ಸೀರೆಯ ಪರದೆ ಕಟ್ಟಿದ್ದರು. ತುರ್ಭೆಯವರು ಎಂಟರ ಲೋಕಲಿಗೇ ಬಂದು ಮೊದಲ ಸಾಲಿನಲ್ಲಿ ನಿಂತಿದ್ದರು, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು. ವಯಸ್ಸಾದ ಒಬ್ಬರು ಮತಪತ್ರ ಹಿಡಿದು, "ಹದಿನೆಂಟು ವರ್ಷ ಮೆಂಬರು, ಇದು ಹೇಗಿರ್ತದೆ ಅಂತಲೇ ಗೊತ್ತಿರಲಿಲ್ಲ" ಎಂದು ತಿರುಗಿಸಿ ನೋಡಿದರು. ಒಂದೂ ಕುರ್ಚಿ ಹಾರಲಿಲ್ಲ. ಒಬ್ಬರ ಚಪ್ಪಲಿ ಕಳೆಯಿತು, ಅಷ್ಟೇ.

ಎಣಿಕೆಗೆ ಮೊದಲು ಮನೆಗೆ ಊಟಕ್ಕೆ ಬಂದೆವು. ಮಾವ ತಟ್ಟೆ ನೋಡುತ್ತಲೇ ಅತ್ತೆಯನ್ನು ಕೇಳಿದರು, "ನೀನು ಯಾರಿಗೆ ಹಾಕಿದೆ?"

ಅತ್ತೆ ಉಪ್ಪಿನಕಾಯಿ ಬಡಿಸುತ್ತಾ, "ಅದು ಹೇಳ್ಲಿಕ್ಕಿಲ್ಲ. ಗುಪ್ತ ಮತದಾನ" ಅಂದರು.

"ನನಗೂ ಹೇಳುವುದಿಲ್ಲವಾ?"

"ನಿಮಗೆ ಮುಖ್ಯವಾಗಿ ಹೇಳ್ಲಿಕ್ಕಿಲ್ಲ. ಆ ಪೋಸ್ಟ್ ಮಾಸ್ತರು ಮಡಚಿ ಹಾಕಿ ಅಮ್ಮಾ ಅಂದಿದ್ದಾರೆ, ಮಡಚಿ ಹಾಕಿದೆ."

ಮೂವತ್ತೆರಡು ವರ್ಷದಲ್ಲಿ ಅತ್ತೆಗೆ ಮಾವನಿಂದ ಮುಚ್ಚಿಡಲು ಏನೂ ಇರಲಿಲ್ಲವಂತೆ. ಪಾತ್ರೆ ತೊಳೆಯುವಾಗ ನನಗೆ ಹೇಳಿದರು, ಎಷ್ಟು ಖುಷಿಯಿಂದ! ನಾನು ಯಾರಿಗೆಂದು ಕೇಳಲಿಲ್ಲ. ಕೇಳಿದ್ದರೂ ಹೇಳುತ್ತಿರಲಿಲ್ಲ.

ಮುನ್ನೂರ ಹದಿನಾರು ಮತ ಬಿದ್ದಿತ್ತು. ಚಂದ್ರಬಾಯಿಗೆ ನೂರ ಅರವತ್ತೆರಡು, ನನಗೆ ನೂರ ನಲವತ್ತೊಂಬತ್ತು, ಅಸಿಂಧು ಐದು. ಸೋತೆ ದೊಡ್ಡಮ್ಮಾ! ಚಪ್ಪಾಳೆ ಅವರಿಗೆ ಬಿತ್ತು, ನಾನೂ ತಟ್ಟಿದೆ. ಸುಳ್ಳು ಯಾಕೆ ಹೇಳಲಿ, ಗೆಲ್ಲಬೇಕು ಅನ್ನಿಸಿತ್ತು. ಆದರೆ ನೂರ ನಲವತ್ತೊಂಬತ್ತು ಜನ ಪರದೆಯ ಹಿಂದೆ ಹೋಗಿ ನನ್ನ ಹೆಸರಿನ ಮುಂದೆ ಗುರುತು ಹಾಕಿದ್ದಾರೆ. ಫೆಬ್ರವರಿಯಲ್ಲಿ ಒಬ್ಬರೂ ಹಾಕಿರಲಿಲ್ಲ. ಆಗ ಅದನ್ನೇ ಗೆಲುವು ಅಂದುಕೊಂಡು ನಿಮಗೆ ಕಿರುಚಿ ಬರೆದಿದ್ದೆ.

ಚಂದ್ರಬಾಯಿ ಮಂಡಳಿಗೆ ಹೋದ ದಿನವೇ ಮಕ್ಕಳ ಭಾಷಣ ಸ್ಪರ್ಧೆಯನ್ನು ತುರ್ಭೆಯಲ್ಲಿ ಇಡಬೇಕೆಂದು ಹೇಳಿದ್ದಾರೆ. ನಾನು ಬೆಂಚು ಜೋಡಿಸಲು ಬರುತ್ತೇನೆ ಅಂದೆ. "ಬೆಂಚಿಲ್ರಿ, ಜಮಖಾನಿ ಅದ" ಅಂದರು.

ಈಗ ಮಾವನ ವಿಷಯ, ನಿಮಗೆ ಬೇಕಾದದ್ದು ಇದೇ ಎಂದು ಗೊತ್ತು. ನಿನ್ನೆ ಸಂಜೆ ಅವರು ನನ್ನ ಕೋಣೆಯ ಬಾಗಿಲಿಗೆ ಬಂದು, ಐದು ವಾರದಲ್ಲಿ ಮೊದಲ ಸಲ, ನನ್ನನ್ನೇ ನೋಡಿ ಮಾತಾಡಿದರು. "ನಿನ್ನ ದೊಡ್ಡಮ್ಮ ಒಂದು ದಿನ ಫೋನ್ ಮಾಡಿ ಮಾತಾಡದೆ ಇಟ್ಟರಂತೆ. ಬ್ರಹ್ಮಾವರದ ನಂಬರ್ ಬಿದ್ದಿತ್ತೆಂದು ನಿನ್ನ ಅತ್ತೆ ಹೇಳಿದಳು. ಹೆದರಿದ್ದಾರೆ. ಹೋಗಿ ಮುಖ ತೋರಿಸಿ ಬಾ."

ಮೂರನೆಯ ಸಲ ಪೆಟ್ಟಿಗೆಯ ಕಡೆ ನೋಡಿದೆ. ಹೋಗು ಅಂದಾಗಲೇ ಬಾ ಅಂದದ್ದೂ ಕೇಳಿಸಬೇಕಿತ್ತು, ಕೇಳಿಸಲಿಲ್ಲ. ಅವರು ಅಂಗಿಯ ಜೇಬಿನಿಂದ ರಿಸರ್ವೇಶನ್ ಟಿಕೆಟ್ ತೆಗೆದು ಮಂಚದ ಮೇಲಿಟ್ಟು ಹೋದರು. ಎರಡಿದ್ದವು. ಒಂದು ಹೋಗುವುದಕ್ಕೆ. ಇನ್ನೊಂದು ಜೂನ್ ಐದರದ್ದು, ಉಡುಪಿಯಿಂದ ಠಾಣೆಗೆ. ಅದರ ಮೂಲೆಯಲ್ಲಿ ಪೆನ್ಸಿಲಿನಿಂದ ತಮ್ಮ ಕೈಯಾರೆ ತಾರೀಖನ್ನು ಇನ್ನೊಮ್ಮೆ ಬರೆದಿದ್ದಾರೆ, ನಾನು ಮರೆಯಬಾರದೆಂದು.

ಜಯೇಶನಿಗೆ ರಜೆ ಸಿಗಲಿಲ್ಲ, ಆದ್ದರಿಂದ ಒಬ್ಬಳೇ ಬರುತ್ತಿದ್ದೇನೆ. ಪೆಟ್ಟಿಗೆ ಹಿಡಿದು ಒಬ್ಬಳೇ ಇಳಿದದ್ದನ್ನು ನೋಡಿ ಎದುರು ಮನೆಯವರು ಏನಾದರೂ ಕೇಳಿದರೆ ಹಿಂದಿರುಗುವ ಟಿಕೆಟ್ ತೋರಿಸಿಬಿಡಿ. ಮೇ 26ರ ಶುಕ್ರವಾರ ಠಾಣೆಯಲ್ಲಿ ಮತ್ಸ್ಯಗಂಧಾ ಎಕ್ಸ್‌ಪ್ರೆಸ್ ಹತ್ತುತ್ತೇನೆ, 27ರ ಶನಿವಾರ ಬೆಳಿಗ್ಗೆ ಉಡುಪಿ.

ಮಾನಸಿ